ಇಂಜಿನ್ನಿನ ಹೊಟ್ಟೆಯ ಕೆಸರು

ಬೇಸಿಗೆ ರಜೆಗೆ ಬೆಂಗಳೂರಿನ ತಿಲಕ್ ನಗರಕ್ಕೆ ಹೋಗಿದ್ದೆ. ಅಲ್ಲಿ ನಮ್ಮ ಸೋದರಮಾವ ಮೆಕ್ಯಾನಿಕ್. ಒಂದು ದಿನ ಗ್ಯಾರೇಜಿಗೆ ಹಳೆಯ ಅಂಬಾಸಿಡರ್ ಕಾರೊಂದನ್ನು ತಳ್ಳಿಕೊಂಡು ಬಂದರು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಆದರೆ ಆ ಯಜಮಾನರಿಗೆ ಮದುವೆ ಬಾಡಿಗೆಯೇ ಜೀವನ. "ಆಯಿಲ್ ಲೈಟ್ ಆರ್ತಾನೇ ಇಲ್ಲ, ಇಂಜಿನ್ ಹೋಯ್ತೇನಪ್ಪಾ?" ಎನ್ನುವಾಗ ಅವರ ಮುಖ ಬಾಡಿತ್ತು.

ಮಾವ ಕೆಳಗಿನ ಚೇಂಬರ್ ಬಿಚ್ಚಿದರು. ಒಳಗೆಲ್ಲ ಕರೀ ಮುದ್ದೆ! ಆಯಿಲ್ ಹೀರುವ ಜಾಲರಿಯೇ ಮುಚ್ಚಿಹೋಗಿತ್ತು. ಕಾಲಕ್ಕೆ ಸರಿಯಾಗಿ ಬದಲಿಸದ ಆಯಿಲ್ ಶಾಖ, ಮಸಿ, ನೀರಿನ ಪಸೆ ಸೇರಿ ಹೀಗೆ ಗಟ್ಟಿಯಾಗುತ್ತದಂತೆ.

"ಮೇಲಿಂದ ಡೀಸೆಲ್ ಸುರಿದು ತೊಳೆದ್ರೆ ಆಗಲ್ವಾ ಮಾವ?" ಅಂದೆ.

"ಕಿತ್ತುಬಂದ ಮುದ್ದೆ ಮತ್ತೆ ಜಾಲರೀಲೇ ಕೂತ್ಕೊಳ್ಳುತ್ತೆ ಕಣೋ. ಬಿಚ್ಚಿ ಕೈಯಲ್ಲೇ ಕೆರೀಬೇಕು" ಅಂದರು.

ಚೇಂಬರ್, ಜಾಲರಿ ಎರಡನ್ನೂ ಡೀಸೆಲ್ಲಿನಲ್ಲಿ ಬ್ರಶ್ ಹಾಕಿ ಉಜ್ಜಿ ಒರೆಸಿದೆವು. ಪುಣ್ಯಕ್ಕೆ ಬೇರಿಂಗ್ ಸವೆದಿರಲಿಲ್ಲ. ಹೊಸ ಪ್ಯಾಕಿಂಗ್, ಫಿಲ್ಟರ್, ಆಯಿಲ್ ಹಾಕಿ ಸ್ಟಾರ್ಟ್ ಮಾಡಿದಾಗ ಲೈಟ್ ಆರಿತು. ಯಜಮಾನರು ಕೈಮುಗಿದರು. ಹಳೇ ಆಯಿಲನ್ನು ಮಾವ ಚರಂಡಿಗೆ ಚೆಲ್ಲದೆ ಡ್ರಮ್ಮಿಗೆ ತುಂಬಿದರು. ಚೆಲ್ಲಿದರೆ ನೀರು ಕೆಡುತ್ತದೆ.

ಗೆಳೆಯರೇ, ನಿಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಇದ್ದರೆ ದೊಡ್ಡವರಿಗೆ ತಿಳಿಸಿ: ಕಡಿಮೆಯಾದಷ್ಟು ಆಯಿಲ್ ಮೇಲೆ ಸುರಿದರೆ ಸಾಲದು, ಕಾಲಕಾಲಕ್ಕೆ ಹಳೆಯದನ್ನು ಪೂರ್ತಿ ಇಳಿಸಿ ಹೊಸದು ಹಾಕಬೇಕು.