ಭೋಗ್ಯದ ಅವಧಿ ಮುಗಿದಾಗ

ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಕುಟುಂಬಗಳಿಗೆ ‘ಭೋಗ್ಯ’ವೆಂಬ ಮಾತು ಹೊಸದಲ್ಲ. ಮನೆಯ ಯಜಮಾನರಿಗೆ ಒಂದು ಇಡುಗಂಟು ಕೊಟ್ಟು, ಬಾಡಿಗೆಯಿಲ್ಲದೆ ಅವರ ಮನೆಯಲ್ಲಿ ವಾಸಿಸುವುದು. ಅವರು ಆ ಹಣಕ್ಕೆ ಬಡ್ಡಿ ಕೊಡಬೇಕಾಗಿಲ್ಲ. ಅವಧಿ ಮುಗಿದಾಗ ಹಣವೂ ಹಿಂದಕ್ಕೆ, ಮನೆಯೂ ಹಿಂದಕ್ಕೆ. ಈಚೆಗೆ ‘ಲೀಸ್’ ಎಂದು ಕರೆಯುವುದೂ ಬಹುಮಟ್ಟಿಗೆ ಇದನ್ನೇ. ಮನೆ ಸೇರುವಾಗ ಇರುವ ಎಚ್ಚರ ಅವಧಿಯನ್ನು ಮುಂದುವರಿಸುವಾಗ ಇರುವುದಿಲ್ಲ. ಇಷ್ಟು ದಿನ ಒಂದೇ ಅಂಗಳದಲ್ಲಿ ಬಾಳಿದ ಮೇಲೆ ಪತ್ರವೇಕೆ, ಮಾತೇ ಸಾಕೆಂಬ ಭಾವನೆ ಎರಡೂ ಕಡೆ ಬೆಳೆದಿರುತ್ತದೆ.

ನಾವು ಮೊಳಕಾಲ್ಮೂರು ತಾಲ್ಲೂಕಿನ ಹಳ್ಳಿಯಿಂದ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಚಳ್ಳಕೆರೆಗೆ ಬಂದು, ಊರಿನ ರೂಢಿಯಂತೆ ಛಾಪಾ ಕಾಗದದಲ್ಲಿ ಕರಾರು ಬರೆಸಿಕೊಂಡು ಭೋಗ್ಯದ ಮನೆಯಲ್ಲಿ ನೆಲೆಸಿದವರು. ಕೊಟ್ಟ ಹಣ ಹಿರಿಯರ ಜಮೀನಿನಿಂದ ನಮ್ಮ ಪಾಲಿಗೆ ಬಂದದ್ದು. ಅದರ ಹೊರತು ಬೇರೆ ಗಂಟು ನಮ್ಮಲ್ಲಿರಲಿಲ್ಲ. ಮೂರು ವರ್ಷ ಮುಗಿಯುತ್ತ ಬಂದಾಗ ಯಜಮಾನರು, “ಇನ್ನಷ್ಟು ಹಣ ಸೇರಿಸಿ ಕೊಡಿ, ಇನ್ನೂ ಮೂರು ವರ್ಷ ಇರಿ” ಎಂದರು. ಊರಿನಲ್ಲಿ ಬಾಡಿಗೆ ಏರಿದ್ದರಿಂದ ಅವರು ಕೇಳಿದ್ದು ಅನ್ಯಾಯವೆನಿಸಲಿಲ್ಲ. ಆದರೂ ಹಿರಿಯರೊಬ್ಬರ ಸಲಹೆಯಂತೆ ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿದೆವು. ಎರಡನೆಯ ವರ್ಷದಲ್ಲಿ ಅದೇ ಮನೆಯನ್ನು ಬ್ಯಾಂಕೊಂದಕ್ಕೆ ಅಡಮಾನ ಮಾಡಿದ್ದು ಅದರಲ್ಲಿ ಕಂಡಿತು. ಆ ರಾತ್ರಿ ನಮ್ಮಲ್ಲಿ ಯಾರಿಗೂ ನಿದ್ರೆ ಬರಲಿಲ್ಲ.

ವಕೀಲರು ಕಾನೂನನ್ನು ಬಿಡಿಸಿ ಹೇಳಿದರು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಹಣದ ಭೋಗ್ಯಕ್ಕೆ ಇಬ್ಬರು ಸಾಕ್ಷಿಗಳ ಸಹಿಯುಳ್ಳ, ನೋಂದಾಯಿಸಿದ ಪತ್ರವಿರಬೇಕು. ಒಂದು ವರ್ಷ ಮೀರಿದ ಗುತ್ತಿಗೆಗೂ ನೋಂದಣಿ ಬೇಕು. ಬಾಡಿಗೆ ಕರಾರುಗಳನ್ನು 11 ತಿಂಗಳಿಗೆ ಬರೆಸುವ ರೂಢಿ ಬಂದದ್ದು ಇದರಿಂದಲೇ. ನೋಟರಿಯವರ ಮುದ್ರೆ ನೋಂದಣಿಗೆ ಸಮನಾಗದು. ಸಾಲ ತೀರದಿದ್ದರೆ 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು ಅಡಮಾನದ ಮನೆಯನ್ನು ವಶಪಡಿಸಿಕೊಳ್ಳಬಹುದು. ಒಂದು ವರ್ಷ ಮೀರಿದ ಗುತ್ತಿಗೆಯ ಹಕ್ಕನ್ನು ಹೇಳುವವರು ಅಂಥ ಸಂದರ್ಭದಲ್ಲಿ ನೋಂದಾಯಿತ ಪತ್ರವನ್ನೇ ತೋರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪು ನೀಡಿದೆ.

ನಾವು ಜಗಳಕ್ಕೆ ಹೋಗಲಿಲ್ಲ. ಹಿರಿಯರನ್ನು ಮುಂದಿಟ್ಟುಕೊಂಡು ಯಜಮಾನರನ್ನು ಕಂಡೆವು. ಅವರು ತಲೆ ತಗ್ಗಿಸಿ, “ಮಗನ ಓದಿಗೆ ತೆಗೆದ ಸಾಲ ಸ್ವಾಮಿ. ಒಂದು ಕಂತೂ ತಪ್ಪಿಸಿಲ್ಲ. ನಿಮಗೆ ಹೇಳಿದರೆ ಗಾಬರಿಯಾದೀರೆಂದು ಸುಮ್ಮನಿದ್ದೆ” ಎಂದರು. ಅಲ್ಲಿಯೇ ದಾರಿಯೂ ತೋರಿತು. ನಾವು ಸೇರಿಸಿ ಕೊಡಬೇಕಾಗಿದ್ದ ಹಣವನ್ನು ಅವರ ಕೈಗೆ ಕೊಡದೆ ನೇರವಾಗಿ ಸಾಲದ ಖಾತೆಗೆ ಕಟ್ಟಿದೆವು; ಉಳಿದುದನ್ನು ಅವರು ಆ ವರ್ಷದ ಶೇಂಗಾ ಮಾರಿ ತೀರಿಸಿದರು. ಬ್ಯಾಂಕು ಅಡಮಾನವನ್ನು ಬಿಡುಗಡೆ ಮಾಡಿದ ಮೇಲೆ ಮತ್ತೊಮ್ಮೆ ಋಣಭಾರ ಪತ್ರ ನೋಡಿ, ಮೂರು ವರ್ಷದ ಹೊಸ ಭೋಗ್ಯಪತ್ರವನ್ನು ನೋಂದಾಯಿಸಿದೆವು. ಹಳೆಯ ಹಣ ಎಷ್ಟು, ಈಗ ಸೇರಿದ್ದೆಷ್ಟು, ಕಂದಾಯ ಯಾರದು, ದುರಸ್ತಿ ಯಾರದು, ಮನೆ ಬಿಡುವ ದಿನ ಯಾವುದು, ಹಣ ಕೈಸೇರುವವರೆಗೆ ಸ್ವಾಧೀನ ಯಾರದು ಎಂಬುದೆಲ್ಲ ಅದರಲ್ಲಿದೆ. ಖರ್ಚನ್ನು ಇಬ್ಬರೂ ಸಮನಾಗಿ ಹೊತ್ತೆವು.

ಪತ್ರ ಕೇಳುವುದು ಅಪನಂಬಿಕೆಯಲ್ಲವೇ ಎಂದು ಕೆಲವರು ಸಂಕೋಚಪಡುತ್ತಾರೆ. ನಾಯಕನಹಟ್ಟಿಯ ಶ್ರೀ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸುವಾಗ ದುಡಿದವರಿಗೆ ಅವರವರು ದುಡಿದಷ್ಟೇ ಕೂಲಿ ಸಲ್ಲಿಸಿದರೆಂಬುದನ್ನು ನಮ್ಮ ಸೀಮೆಯ ಭಕ್ತರೆಲ್ಲ ಬಲ್ಲರು. ಅಷ್ಟು ದೊಡ್ಡ ಮಹಾತ್ಮರೂ ಲೆಕ್ಕವನ್ನು ಕೈಬಿಡಲಿಲ್ಲ. ಸಲ್ಲಬೇಕಾದವರಿಗೆ ಸಲ್ಲಬೇಕಾದಷ್ಟು ಸಲ್ಲಲೆಂಬುದೇ ಪತ್ರದ ಉದ್ದೇಶ. ಅದು ಭೋಗ್ಯದಾರರನ್ನು ಕಾಯುವಂತೆಯೇ ಯಜಮಾನರನ್ನೂ ಕಾಯುತ್ತದೆ. ಇಬ್ಬರೂ ಕಾಲವಾದ ಮೇಲೆ ಮಕ್ಕಳು ಪರಸ್ಪರ ಮುಖ ನೋಡುವಂತೆ ಉಳಿಸುತ್ತದೆ.

ಆದಕಾರಣ ಭೋಗ್ಯದ ಮನೆಯಲ್ಲಿರುವ ಬಂಧುಗಳು ಅವಧಿ ತೀರಲು ಮೂರು ತಿಂಗಳಿರುವಾಗಲೇ ಋಣಭಾರ ಪತ್ರವನ್ನು ತೆಗೆಸಿ ನೋಡಬೇಕು. ಹಳೆಯ ಕಾಗದದ ಬೆನ್ನಿಗೆ ‘ಮುಂದುವರಿಸಿದೆ’ ಎಂದು ಬರೆದು ತೃಪ್ತರಾಗಬಾರದು. ಮನೆ ಕೊಟ್ಟವರು ಸಾಲದ ಸಂಗತಿಯನ್ನು ಮುಚ್ಚಿಡಬಾರದು. ಬಾಯಿಮಾತಿನ ವಿಶ್ವಾಸ ದೊಡ್ಡದು. ಅದು ಕಡೆಯವರೆಗೂ ಉಳಿಯಬೇಕಾದರೆ ಬರವಣಿಗೆಯ ಆಸರೆ ಬೇಕು.