ಎಸ್.ಪಿ. ರಸ್ತೆಯ ಲ್ಯಾಪ್‌ಟಾಪ್ ಸಂತೆ

ಬೆಂಗಳೂರಿನ ಪುರಭವನದ ಎದುರು ಬಸ್ಸಿಳಿದು ಸಿಟಿ ಮಾರ್ಕೆಟ್ಟಿನತ್ತ ಹೆಜ್ಜೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಎಸ್.ಪಿ. ರಸ್ತೆ ಸಿಗುತ್ತದೆ. ಪೂರ್ತಿ ಹೆಸರು ಸದರ್ ಪತ್ರಪ್ಪ ರಸ್ತೆ. ಆ ಹೆಸರು ಹೇಳಿದರೆ ಆಟೋದವರೂ ಒಂದು ಕ್ಷಣ ಯೋಚಿಸುತ್ತಾರೆ, ‘ಎಸ್.ಪಿ. ರೋಡ್’ ಎಂದರೆ ಸಾಕು. ರಸ್ತೆ ಎನ್ನುವುದಕ್ಕಿಂತ ಓಣಿ ಎನ್ನುವುದೇ ಸರಿ. ಎರಡೂ ಬದಿಗೆ ಎರಡು, ಮೂರು ಮಹಡಿಯ ಅಂಗಡಿಗಳು. ಮಧ್ಯದಲ್ಲಿ ಕೈಗಾಡಿ, ಸ್ಕೂಟರು, ತಲೆಯ ಮೇಲೆ ಮಾನಿಟರಿನ ಪೆಟ್ಟಿಗೆ ಹೊತ್ತು ‘ಸೈಡ್, ಸೈಡ್’ ಎಂದು ಕೂಗುತ್ತಾ ಓಡುವ ಹುಡುಗರು. ಮೇಲೆ ನೋಡಿದರೆ ಆಕಾಶಕ್ಕಿಂತ ಹೆಚ್ಚಾಗಿ ವೈರುಗಳು ಕಾಣಿಸುತ್ತವೆ.

ವಿದ್ಯುತ್ತಿಗೂ ಈ ಪ್ರದೇಶಕ್ಕೂ ಹಳೆಯ ನಂಟು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂದಾಗ ಮೊದಲ ದೀಪಗಳು ಹೊತ್ತಿಕೊಂಡದ್ದು ಇದೇ ಮಾರುಕಟ್ಟೆಯ ಆಸುಪಾಸಿನಲ್ಲಿ. ಇಂದು ಅದೇ ಕೂಗಳತೆಯಲ್ಲಿ ರೆಸಿಸ್ಟರು, ಕೆಪಾಸಿಟರು, ಟ್ರಾನ್ಸ್‌ಫಾರ್ಮರು ಚಿಲ್ಲರೆಯಾಗಿ ಸಿಗುತ್ತವೆ. ವಿಜ್ಞಾನ ಪ್ರದರ್ಶನಕ್ಕೆ ಮಾದರಿ ಮಾಡುವ ಹೈಸ್ಕೂಲು ಮಕ್ಕಳಿಂದ ಹಿಡಿದು ಪ್ರಾಜೆಕ್ಟಿಗೆ ಆರ್ಡುಯಿನೋ ಹುಡುಕುವ ಎಂಜಿನಿಯರಿಂಗ್ ವಿದ್ಯಾರ್ಥಿಗಳವರೆಗೆ ಎಲ್ಲರೂ ಇಲ್ಲಿಗೆ ಬರಲೇಬೇಕು. ಆದರೆ ಸಿಇಟಿ ಫಲಿತಾಂಶ ಬಂದು ಕಾಲೇಜು ನಿಕ್ಕಿಯಾಗುವ ಆ ಒಂದೆರಡು ತಿಂಗಳು ರಸ್ತೆಯ ಬಣ್ಣವೇ ಬೇರೆ. ಆಗ ಬರುವವರು ಅಪ್ಪ, ಅಮ್ಮ, ಮಕ್ಕಳು. ತುಮಕೂರು, ಮಂಡ್ಯ, ಕೋಲಾರದಿಂದ ಬೆಳಗಿನ ಬಸ್ಸು, ರೈಲು ಹಿಡಿದು ಬಂದವರು. ಅಮ್ಮನ ಕೈಚೀಲದಲ್ಲಿ ನೀರಿನ ಬಾಟಲಿ, ಅಪ್ಪನ ಒಳಜೇಬಿನಲ್ಲಿ ದುಡ್ಡು, ಮಗನ ಅಥವಾ ಮಗಳ ಮೊಬೈಲಿನಲ್ಲಿ ಗೆಳೆಯರು ಬರೆದು ಕಳಿಸಿದ ಪಟ್ಟಿ!

ಆ ಪಟ್ಟಿಯಲ್ಲಿ ಏನಿರುತ್ತದೆ? ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ ಸಾಲು: ಐ-ಫೈವ್ ಅಥವಾ ರೈಜನ್ ಫೈವ್, 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್. ಈ ಕೊನೆಯ ಎರಡು ಪದಗಳ ಸುತ್ತಲೇ ಮನೆಯಲ್ಲಿ ವಾರಗಟ್ಟಲೆ ಜಗಳ ನಡೆದಿರುತ್ತದೆ. ‘ಕಾಲೇಜಿಗೆ ಬೇಕೇ ಬೇಕು’ ಎಂದು ಮಕ್ಕಳು. ‘ಬೇಕಾಗಿರುವುದು ಆಟಕ್ಕೆ’ ಎಂದು ತಂದೆತಾಯಿಯ ಗುಮಾನಿ. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಮೊದಲ ವರ್ಷದ ಎಂಜಿನಿಯರಿಂಗಿನ ಪ್ರೋಗ್ರಾಮಿಂಗಿಗಾಗಲಿ, ಬಿಕಾಂ, ಬಿಎಸ್‌ಸಿ ಓದಿಗಾಗಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಬೇಕಿಲ್ಲ. ಮೂರು ಆಯಾಮದ ದೊಡ್ಡ ವಿನ್ಯಾಸ, ವಿಡಿಯೋ ಸಂಕಲನ, ಯಂತ್ರಕಲಿಕೆ ಇಂಥವುಗಳಲ್ಲಿ ಅದರ ಉಪಯೋಗವಿದೆ. ಇನ್ನು ಆಟ? ಅದನ್ನು ಬಾಯಿ ಬಿಟ್ಟು ಕೇಳಲು ಮಕ್ಕಳಿಗೆ ಸಂಕೋಚ, ಕೇಳಿಸಿಕೊಳ್ಳಲು ಹಿರಿಯರಿಗೆ ಸಿಟ್ಟು. ಈ ಮುಚ್ಚುಮರೆಯಿಂದ ನಷ್ಟವಾಗುವುದು ಮಾತ್ರ ಜೇಬಿಗೆ.

ಒಂದು ಅಂಗಡಿಯ ಮೊದಲ ಮಹಡಿಯಲ್ಲಿ ಇದು ಬಲು ಸೊಗಸಾಗಿ ಬಯಲಾಯಿತು. ತುಮಕೂರಿನ ಕಡೆಯ ಕುಟುಂಬ. ಮಗಳು ಹಾಸ್ಟೆಲಿಗೆ ಹೊರಟವಳು. ಅರವತ್ತು ಸಾವಿರ ರೂಪಾಯಿ ಮೀರಬಾರದೆಂಬ ತೀರ್ಮಾನ. ಗ್ರಾಫಿಕ್ಸ್ ಕಾರ್ಡ್ ಇರಲೇಬೇಕೆಂದು ಮಗಳ ಹಟ. ಅಂಗಡಿಯ ಹುಡುಗ ಪಟ್ಟಿಯನ್ನು ಪಕ್ಕಕ್ಕಿಟ್ಟು, ‘ಯಾವ ಗೇಮ್ ಆಡ್ತೀಯಮ್ಮಾ?’ ಎಂದು ನೇರವಾಗಿ ಕೇಳಿಬಿಟ್ಟ. ಹುಡುಗಿ ಅಪ್ಪನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, ‘ಮೈನ್‌ಕ್ರಾಫ್ಟು, ವ್ಯಾಲೊರಂಟು’ ಎಂದಳು. ಅಪ್ಪ ಏನೂ ಹೇಳಲಿಲ್ಲ. ‘ಅದಕ್ಕೆ ಕಾರ್ಡೇ ಬೇಡ’ ಎಂದ ಹುಡುಗ. ಮಾರುವವನೇ ಹೀಗೆ ಹೇಳುವುದು ಅಪರೂಪ. ಎಲ್ಲ ಅಂಗಡಿಯಲ್ಲೂ ಇದನ್ನು ನಿರೀಕ್ಷಿಸಬಾರದು.

ಅವನು ಹೇಳಿದ್ದು ಸರಿಯೇ. ವ್ಯಾಲೊರಂಟ್ 2020ರಲ್ಲಿ ಬಂದಾಗಿನಿಂದಲೂ ಸಾಮಾನ್ಯ ಕಂಪ್ಯೂಟರುಗಳಲ್ಲಿ ಓಡಲೆಂದೇ ರೂಪಿಸಿದ ಆಟ. ಮೈನ್‌ಕ್ರಾಫ್ಟಿಗೂ, ಹಳೆಯ ಕ್ರಿಕೆಟ್, ಫುಟ್‌ಬಾಲ್ ಆಟಗಳಿಗೂ, ಚಿತ್ರದ ಗುಣಮಟ್ಟವನ್ನು ಸ್ವಲ್ಪ ಇಳಿಸಿಕೊಂಡರೆ 2015ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ ಐದಕ್ಕೂ ಇಂದಿನ ಪ್ರೊಸೆಸರಿನೊಳಗೇ ಅಡಕವಾಗಿರುವ ಗ್ರಾಫಿಕ್ಸ್ ಸಾಕಾಗುತ್ತದೆ. ಆದರೆ ಒಂದು ಷರತ್ತಿದೆ. ಅದನ್ನು ತಿಳಿಯಲು ಸ್ವಲ್ಪ ಲೆಕ್ಕ ಮಾಡಬೇಕು.

ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿದ್ದರೆ ಒಟ್ಟು 20,73,600. ಸೆಕೆಂಡಿಗೆ 60 ಚಿತ್ರಗಳೆಂದರೆ ಹನ್ನೆರಡು ಕೋಟಿಗೂ ಹೆಚ್ಚು ಚುಕ್ಕೆಗಳ ಬಣ್ಣವನ್ನು ಪ್ರತಿ ಸೆಕೆಂಡೂ ನಿರ್ಧರಿಸಬೇಕು. ಪ್ರತ್ಯೇಕ ಕಾರ್ಡಿಗೆ ಈ ಕೆಲಸಕ್ಕೆ ತನ್ನದೇ ವೇಗದ ಮೆಮೊರಿ ಇರುತ್ತದೆ. ಅಡಕ ಗ್ರಾಫಿಕ್ಸಿಗೆ ಸ್ವಂತದ್ದಿಲ್ಲ. ಅದು ರ್‍ಯಾಮಿನಿಂದಲೇ ಕಡ ತೆಗೆದುಕೊಳ್ಳಬೇಕು. 3200 ವೇಗದ ಡಿಡಿಆರ್4 ರ್‍ಯಾಮಿನ ಒಂದೇ ಪಟ್ಟಿ ಹಾಕಿದ್ದರೆ ಸೆಕೆಂಡಿಗೆ 25.6 ಗಿಗಾಬೈಟ್ ಮಾತ್ರ ಸಾಗುತ್ತದೆ. ಅದೇ ಎರಡು ಪಟ್ಟಿ ಹಾಕಿದರೆ 51.2. ಒಂದೇ ನಲ್ಲಿಯಲ್ಲಿ ಬೀದಿಯವರೆಲ್ಲ ಬಿಂದಿಗೆ ಹಿಡಿದು ನಿಲ್ಲುವುದಕ್ಕೂ ಎರಡು ನಲ್ಲಿ ಇರುವುದಕ್ಕೂ ಇರುವ ವ್ಯತ್ಯಾಸ ಇದು. 16 ಜಿಬಿಯ ಒಂದೇ ಪಟ್ಟಿಗಿಂತ ಎಂಟೆಂಟರ ಎರಡು ಪಟ್ಟಿ ಆಟಕ್ಕೆ ಮೇಲು ಎಂಬುದು ಇದೇ ಕಾರಣಕ್ಕೆ. ಅಂಗಡಿಯ ಚೀಟಿಯಲ್ಲಿ ಎರಡೂ ‘16 ಜಿಬಿ’ ಎಂದೇ ಕಾಣುತ್ತವೆ, ಗಮನಿಸಿ. ರ್‍ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೋ, ಮುಂದೆ ಸೇರಿಸಲು ಜಾಗ ಬಿಟ್ಟಿದ್ದಾರೋ ಎಂಬುದನ್ನೂ ಕೇಳಬೇಕು. ಬೆಸುಗೆ ಹಾಕಿದ 8 ಜಿಬಿಯನ್ನು ನಾಲ್ಕು ವರ್ಷದ ಓದಿಗೆ ಕೊಳ್ಳುವುದು ಇಂದಿನ ಕಾಲದಲ್ಲಿ ದುಡುಕು. 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ಮೆಮೊರಿಯ ಬೆಲೆ ಏರಿತು. ‘ಆಮೇಲೆ ಹಾಕಿಸಿದರಾಯಿತು’ ಎಂದುಕೊಂಡಿದ್ದ ಎಷ್ಟೋ ಮಂದಿಗೆ ಆಗ ಬಿಸಿ ತಟ್ಟಿತು.

ಹೆಸರುಗಳ ಗೋಜಲು ಇನ್ನೊಂದು. ರೈಜನ್ 5 7520ಯು ಮತ್ತು ರೈಜನ್ 5 7530ಯು ಎರಡನ್ನೂ ಅಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಈ ಸಾಲಿನಲ್ಲಿ ಒಳಗಿನ ವಿನ್ಯಾಸ ಯಾವುದೆಂದು ಹೇಳುವುದು ಮೂರನೆಯ ಅಂಕಿ. 2 ಎಂದಿದ್ದರೆ 2019ರಲ್ಲಿ ಬಂದ ವಿನ್ಯಾಸ, 3 ಎಂದಿದ್ದರೆ 2020ರದ್ದು, 4 ಎಂದಿದ್ದರೆ 2022ರದ್ದು. ಮೊದಲನೆಯದರಲ್ಲಿ ನಾಲ್ಕು ಕೋರ್, ಎರಡನೆಯದರಲ್ಲಿ ಆರು. ಇಂಟೆಲ್‌ನಲ್ಲಿಯೂ ಅಷ್ಟೆ. ಐ-ಫೈವ್ ಎಂಬುದು ಮನೆತನದ ಹೆಸರಿದ್ದಂತೆ; ಕೊನೆಯ ಅಕ್ಷರ ನೋಡದೆ ಆಸಾಮಿ ಯಾರೆಂದು ತಿಳಿಯದು. ಯು ಎಂದರೆ ಸುಮಾರು 15 ವ್ಯಾಟಿನ ಮಿತವ್ಯಯಿ, ಎಚ್ ಎಂದರೆ 45 ವ್ಯಾಟಿನ ಹೊಟ್ಟೆಬಾಕ.

ಗ್ರಾಫಿಕ್ಸ್ ಕಾರ್ಡು ಬೇಕೇ ಬೇಕು ಎನ್ನುವವರೂ ಈ ವ್ಯಾಟನ್ನೇ ಕೇಳಬೇಕು. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 3050 ಎಂಬ ಒಂದೇ ಹೆಸರಿನ ಕಾರ್ಡು 35 ವ್ಯಾಟಿನಿಂದ 80 ವ್ಯಾಟಿನವರೆಗೆ ಬೇರೆ ಬೇರೆ ಮಿತಿಗಳಲ್ಲಿ ಬರುತ್ತದೆ. ಮೈಕಟ್ಟು ತೆಳ್ಳಗಿರುವ ಯಂತ್ರದಲ್ಲಿ ಕಡಿಮೆ ವ್ಯಾಟು, ದಪ್ಪಗಿರುವುದರಲ್ಲಿ ಹೆಚ್ಚು. ಉಷ್ಣವನ್ನು ಹೊರಗೆ ಹಾಕಲು ಜಾಗ ಬೇಕಲ್ಲ! ತೆಳ್ಳಗೂ ಇರಬೇಕು, ತಣ್ಣಗೂ ಇರಬೇಕು, ಆಟವೂ ಓಡಬೇಕು, ಬೆಲೆಯೂ ಕಡಿಮೆಯಿರಬೇಕು ಎಂದರೆ ಭೌತಶಾಸ್ತ್ರದ ನಿಯಮಗಳು ಒಪ್ಪುವುದಿಲ್ಲ. ಬ್ಯಾಟರಿಯ ಲೆಕ್ಕವೂ ಅಷ್ಟೇ ನೇರ. 50 ವ್ಯಾಟ್-ಗಂಟೆಯ ಬ್ಯಾಟರಿ, 10 ವ್ಯಾಟ್ ಬಳಸುವ ಬರವಣಿಗೆಯ ಕೆಲಸದಲ್ಲಿ ಐದು ಗಂಟೆ ಬರುತ್ತದೆ. ಅದೇ ಬ್ಯಾಟರಿ 60 ವ್ಯಾಟ್ ಎಳೆಯುವ ಆಟದಲ್ಲಿ 50 ನಿಮಿಷ. ‘ಹನ್ನೆರಡು ಗಂಟೆ ಬರುತ್ತೆ ಸಾರ್’ ಎನ್ನುವವರನ್ನು ವ್ಯಾಟ್-ಗಂಟೆ ಎಷ್ಟು ಎಂದು ಕೇಳಿದರೆ ಪೆಟ್ಟಿಗೆ ತಿರುಗಿಸಿ ಹುಡುಕತೊಡಗುತ್ತಾರೆ. ಆಟದ ಯಂತ್ರಗಳು ಎರಡು ಕಿಲೋ ದಾಟುತ್ತವೆ, ಚಾರ್ಜರಿನದು ಬೇರೆ ಭಾರ. ಸಿಟಿ ಬಸ್ಸಿನಲ್ಲಿ ನಿಂತು ಕಾಲೇಜಿಗೆ ಹೋಗುವವರು ಇದನ್ನು ಅಂಗಡಿಯಲ್ಲೇ ಒಮ್ಮೆ ಬೆನ್ನಿಗೆ ಹಾಕಿಕೊಂಡು ನೋಡುವುದು ಒಳ್ಳೆಯದು.

ಪರದೆಯ ಅಳತೆಗೆ ಎಸ್ಸೆಸ್ಸೆಲ್ಸಿಯ ಪೈಥಾಗೊರಸ್ ಪ್ರಮೇಯವೇ ಸಾಕು. 15.6 ಇಂಚು, 14 ಇಂಚು ಎಂಬುವೆಲ್ಲ ಕರ್ಣದ ಅಳತೆ. 16:9 ಅನುಪಾತದ 15.6 ಇಂಚಿನ ಪರದೆಯ ಎತ್ತರ ಸುಮಾರು 7.65 ಇಂಚು, 16:10 ಅನುಪಾತದ 14 ಇಂಚಿನದು 7.42 ಇಂಚು. ಓದುವಾಗ ಕಾಣುವ ಸಾಲುಗಳ ಮಟ್ಟಿಗೆ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ಹೊರುವ ಭಾರ ಮಾತ್ರ ಸಾಮಾನ್ಯವಾಗಿ ಕಡಿಮೆ. ತುಮಕೂರಿನ ಹುಡುಗಿ ಅಂಗಡಿಯವನ ಕ್ಯಾಲ್ಕುಲೇಟರಿನಲ್ಲಿ ಈ ಲೆಕ್ಕವನ್ನು ಮಾಡಿಯೇ ಬಿಟ್ಟಳು! ಕೊನೆಗೆ ಆರಿಸಿದ್ದು 14 ಇಂಚಿನ, ಎರಡು ಪಟ್ಟಿ ರ್‍ಯಾಮಿನ, ಕಾರ್ಡಿಲ್ಲದ ಯಂತ್ರ. ಉಳಿದ ದುಡ್ಡಿನಲ್ಲಿ ಒಂದು ಒಳ್ಳೆಯ ಮೌಸು ಕೊಡಿಸಲು ಅಪ್ಪನೇ ಮುಂದಾದರು. ‘ಆಟಕ್ಕೆ ಯಾವುದು ಚೆನ್ನ?’ ಎಂದು ಅವರು ಕೇಳಿದಾಗ ಅಮ್ಮನಿಗೆ ನಗು ತಡೆಯಲಾಗಲಿಲ್ಲ.

ಹೊಸದನ್ನು ಕೊಳ್ಳಲಾಗದವರಿಗೆ ಇದೇ ರಸ್ತೆಯಲ್ಲಿ ಇನ್ನೊಂದು ಲೋಕವಿದೆ. ಅದು ಹಳೆಯ ಲ್ಯಾಪ್‌ಟಾಪುಗಳದ್ದು. ಕಂಪನಿಗಳು ಮೂರು ನಾಲ್ಕು ವರ್ಷ ದುಡಿಸಿ ವಿಲೇವಾರಿ ಮಾಡಿದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳು ಇಟ್ಟಿಗೆಯಂತೆ ಒಂದರ ಮೇಲೊಂದು ಪೇರಿಸಿರುತ್ತವೆ. ಪಕ್ಕದ ಅವೆನ್ಯೂ ರಸ್ತೆಯಲ್ಲಿ ಹಳೆಯ ಪಠ್ಯಪುಸ್ತಕ ಕೊಂಡು ಓದಿದ ತಂದೆಯರಿಗೆ ಈ ವ್ಯಾಪಾರ ಹೊಸತಲ್ಲ. ಅಲ್ಲಿ ಹಾಳೆ ಹರಿದಿದೆಯೇ ಎಂದು ತಿರುವಿ ನೋಡುತ್ತಿದ್ದರು, ಇಲ್ಲಿ ಕೀಲಿಮಣೆಯ ಒಂದೊಂದು ಗುಂಡಿಯನ್ನೂ ಒತ್ತಿ ನೋಡಬೇಕು. ಕೀಲು ಸಡಿಲವೇ, ಬಿಳಿಯ ಚಿತ್ರ ಹಾಕಿದಾಗ ಪರದೆಯಲ್ಲಿ ಕಲೆಯಿದೆಯೇ ಎಂದು ನೋಡಬೇಕು. ಬ್ಯಾಟರಿ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ವರದಿಯನ್ನು ವಿಂಡೋಸ್ ತಾನೇ ಕೊಡುತ್ತದೆ. ಅದನ್ನು ತೆಗೆದು ತೋರಿಸಿ ಎಂದು ಕೇಳಲು ಸಂಕೋಚಪಡಬೇಕಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ತಲೆಮಾರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಈಚಿನದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. ಆರು, ಏಳನೆಯ ತಲೆಮಾರಿನ ಯಂತ್ರಗಳು ಅಗ್ಗವಾಗಿ ಸಿಗುವುದು ಸುಮ್ಮನೆ ಅಲ್ಲ. ‘ಹನ್ನೊಂದು ಹಾಕಿಕೊಡ್ತೀವಿ’ ಎಂದು ಅಡ್ಡದಾರಿಯಲ್ಲಿ ಹಾಕಿಕೊಡುವವರೂ ಉಂಟು. ಹಾಗೆ ಹಾಕಿದ್ದರಲ್ಲಿ ವ್ಯಾಲೊರಂಟ್ ಕೈಕೊಡಬಹುದು, ಏಕೆಂದರೆ ವಿಂಡೋಸ್ 11ರಲ್ಲಿ ಅದು ಆ ಭದ್ರತಾ ಘಟಕವನ್ನು ಕೇಳುತ್ತದೆ. ಬರೀ ಓದು, ಬರಹ, ಪ್ರೋಗ್ರಾಮಿಂಗ್ ಸಾಕು ಎನ್ನುವವರು ಅಂಥ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಕೊಂಡು ಸುಖವಾಗಿರಬಹುದು.

ಇನ್ನು ಬಿಲ್ಲಿನ ವಿಷಯ. ‘ಬಿಲ್ ಬೇಡವಾದರೆ ಕಡಿಮೆಗೆ ಕೊಡ್ತೀವಿ’ ಎಂಬ ಮಾತು ಎಲ್ಲ ಪೇಟೆಗಳಲ್ಲೂ ಕೇಳಿಬರುತ್ತದೆ. ಲ್ಯಾಪ್‌ಟಾಪಿಗೆ ಜಿಎಸ್‌ಟಿ ಶೇ. 18, ಆಸೆಯಾಗುವುದು ಸಹಜ. ಆದರೆ ನಾಳೆ ಬೋರ್ಡು ಕೆಟ್ಟರೆ ಕೊಂಡದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ. ಪೆಟ್ಟಿಗೆಯ ಮೇಲಿನ ಕ್ರಮಸಂಖ್ಯೆ, ಯಂತ್ರದ ಬೆನ್ನಿನ ಕ್ರಮಸಂಖ್ಯೆ, ಬಿಲ್ಲಿನಲ್ಲಿ ಬರೆದದ್ದು ಮೂರೂ ಒಂದೇ ಆಗಿರಬೇಕು. ಅದನ್ನು ತಯಾರಕರ ಜಾಲತಾಣದಲ್ಲಿ ಹಾಕಿದರೆ ವಾರಂಟಿ ಎಂದಿನಿಂದ ಎಂದಿನವರೆಗೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಹೊಸದೆಂದು ಮಾರಿದ ಯಂತ್ರದ ವಾರಂಟಿ ಆರು ತಿಂಗಳ ಹಿಂದೆಯೇ ಶುರುವಾಗಿದ್ದರೆ ಕಾರಣ ಕೇಳಬೇಕು. ರಿಪೇರಿಯವರು ಮನೆಗೆ ಬರುತ್ತಾರೋ, ಯಂತ್ರವನ್ನು ಹೊತ್ತು ಸೇವಾ ಕೇಂದ್ರಕ್ಕೆ ನಾವೇ ಹೋಗಬೇಕೋ ಎಂಬುದು ಪಾವಗಡ, ಶಿರಾದಂಥ ಊರಿನವರಿಗೆ ಸಣ್ಣ ಪ್ರಶ್ನೆಯಲ್ಲ.

ಪೆಟ್ಟಿಗೆ ಒಡೆದು, ಆನ್ ಮಾಡಿ ನೋಡಿದಾಗ 512 ಜಿಬಿಯ ಬದಲು 476 ಎಂದು ಕಾಣಿಸುತ್ತದೆ. ಹಲವರು ಇಲ್ಲಿ ಜಗಳ ತೆಗೆಯುತ್ತಾರೆ. ಇದರಲ್ಲಿ ಯಾರೂ ಕದ್ದಿಲ್ಲ. ತಯಾರಕರು ಸಾವಿರದ ಗುಣಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಗುಣಕದಲ್ಲಿ ಎಣಿಸುತ್ತದೆ, ಅಷ್ಟೆ.

ಹೋಗುವವರು ಭಾನುವಾರ ಬಿಟ್ಟು ಹೋಗುವುದು ಮೇಲು. ಅಂದು ಬಹುಪಾಲು ಅಂಗಡಿಗಳು ಬಾಗಿಲು ಹಾಕಿರುತ್ತವೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ತಲುಪಿದರೆ ನೂಕುನುಗ್ಗಲು ಕಡಿಮೆ, ಮಾತಾಡಲು ಅಂಗಡಿಯವರಿಗೂ ಪುರುಸೊತ್ತು. ವಾಹನ ನಿಲ್ಲಿಸಲು ಜಾಗ ಹುಡುಕುವ ಪಾಡು ಬೇಡವೆನ್ನುವವರಿಗೆ ಹಸಿರು ಮಾರ್ಗದ ಮೆಟ್ರೊ ಇದೆ. ಚಿಕ್ಕಪೇಟೆ, ಕೃಷ್ಣರಾಜ ಮಾರುಕಟ್ಟೆ ಎರಡೂ ನಿಲ್ದಾಣಗಳಿಂದ ನಡೆದೇ ಬರಬಹುದು. ಹಿಂತಿರುಗುವಾಗ ಲ್ಯಾಪ್‌ಟಾಪನ್ನು ಬೆನ್ನಿನ ಚೀಲಕ್ಕೆ ಸೇರಿಸಿ, ಅದನ್ನು ಎದೆಗೆ ತಗಲಿಸಿಕೊಂಡು ನಡೆಯುವುದು ಕ್ಷೇಮ. ಖಾಲಿ ಪೆಟ್ಟಿಗೆಯನ್ನು ಮಾತ್ರ ಅಲ್ಲೇ ಬಿಟ್ಟುಬರಬೇಡಿ. ರಿಪೇರಿಗೆ ಕಳಿಸುವ ದಿನ ಬಂದರೆ ಅದರಷ್ಟು ಚೆನ್ನಾಗಿ ಹೊಂದುವ ಡಬ್ಬ ಬೇರೆ ಸಿಗುವುದಿಲ್ಲ.