ಪಾಯಿಂಟನ್ನಿನ ನಾಲ್ಕುದಾರಿ

ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಅದರ ದಕ್ಷಿಣಕ್ಕಿರುವ ಪಾಯಿಂಟನ್ ಎಂಬ ಸಣ್ಣ ಊರನ್ನು ನೋಡಿಬಂದೆನು. ಅಲ್ಲಿ ಸಂತ ಜಾರ್ಜರ ಇಗರ್ಜಿಯ ಇದಿರಿನ ನಾಲ್ಕುದಾರಿಯನ್ನು ದಿನಕ್ಕೆ ಸುಮಾರು 26,000 ವಾಹನಗಳು ಹಾಯುತ್ತಿದ್ದುವಂತೆ. ದೀಪಸ್ತಂಭಗಳ ಮುಂದೆ ಬಂಡಿಗಳ ಸಾಲು ಬೆಳೆದು, ಪೇಟೆಬೀದಿಯಲ್ಲಿ ನಡೆಯುವವರಿಗೆ ಎಡೆಯೇ ಇಲ್ಲದಂತಾಗಿತ್ತು. ಊರವರೊಡನೆ ಸಮಾಲೋಚನೆ ನಡೆದಾಗ, ದೀಪಗಳನ್ನೇ ಕಿತ್ತುಹಾಕುವ ಸಲಹೆಯನ್ನು ಕೇಳಿ ಹಲವರು ಸಂದೇಹಪಟ್ಟರು. ಆದರೂ 2012ರಲ್ಲಿ ಕೆಲಸವು ಮುಗಿಯಿತು. ದೀಪಗಳು ಹೋದುವು, ಕಲ್ಲು ಹಾಸಿ ಬರೆದ ಎರಡು ವೃತ್ತಗಳ ಸುತ್ತ ಮೋಟಾರುಗಳು ಮಂದಗತಿಯಿಂದ ತೆವಳತೊಡಗಿದುವು.

ನಾನು ಕೊಡೆ ಹಿಡಿದು ಅಂಚಿನಲ್ಲಿ ನಿಂತೆನು. ಚಾಲಕನೊಬ್ಬನು ನನ್ನ ಮುಖವನ್ನು ನೋಡಿ, ಬಂಡಿಯನ್ನು ನಿಲ್ಲಿಸಿ, ದಾಟೆಂದು ಕೈಬೀಸಿದನು. ನಮ್ಮೂರ ಪೇಟೆಯಲ್ಲಿ ಈ ಮರ್ಯಾದೆಯು ನನಗೆ ಎಂದೂ ದೊರೆತಿಲ್ಲ!

ಆದರೆ ಏರ್ಪಾಡೆಲ್ಲವೂ ನಿಂತಿರುವುದು ಕಣ್ಣಿಗೆ ಕಣ್ಣು ಕೂಡುವುದರಲ್ಲಿ. ಕಣ್ಣಿಲ್ಲದವನ ಗತಿಯೇನು? ಬೀದಿಯ ಅಂಚುಕಟ್ಟೆಯನ್ನೂ ಅಳಿಸಿ ಸಮತಲ ಮಾಡಿದರಂತೂ ಅವನ ಕೋಲಿಗೆ ಎಲ್ಲೆಯೇ ಸಿಕ್ಕದು. ಬ್ರಿಟನ್ನಿನ ಅಂಧರ ಸಂಘಗಳು ಇದನ್ನೇ ಆಕ್ಷೇಪಿಸಿದುವು. ಅಂತಹ ಹೊಸ ಸಮತಲ ಬೀದಿಗಳ ಕೆಲಸವನ್ನು ತಡೆದಿರಿಸಬೇಕೆಂದು 2018ರಲ್ಲಿ ಸರಕಾರವು ಸ್ಥಳೀಯ ಸಂಸ್ಥೆಗಳನ್ನು ಕೇಳಿಕೊಂಡಿತು. ಸಮಾಲೋಚನೆಯೆಂದರೆ ಮೊದಲು ಯಾರನ್ನು ಕೇಳಬೇಕೆಂಬುದು ನನಗೆ ಅಲ್ಲಿ ಹೊಳೆಯಿತು. ನನ್ನ ಎಡಗಣ್ಣು ಮಂಜಾಗಿ ಮೂರು ವರ್ಷಗಳಾದುವು. ಹಿಂದಿರುಗುವಾಗ ಮಗನ ತೋಳನ್ನು ಹಿಡಿದೇ ದಾಟಿದೆನು.